ಉಟ್ಟ ಬಟ್ಟೆಯ ಚರಿತ್ರೆ

ಒಂದು ಊರಿನ ಚರಿತ್ರೆಯನ್ನು ತಿಳಿಯಬೇಕಾದರೆ ಅಲ್ಲಿನ ಕೋಟೆ ಕೊತ್ತಲಗಳನ್ನು, ಶಾಸನ ವೀರಗಲ್ಲುಗಳನ್ನು ನೋಡಬೇಕು ಎಂದು ನಾವು ಟೀಚರುಗಳು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಮಾತು ಕೋಲಾರಕ್ಕೆ ಸರಿ, ಮುಳಬಾಗಿಲಿಗೂ ಸರಿ. ಆದರೆ ಬಂಗಾರಪೇಟೆಗೂ ಅದರ ಪಕ್ಕದ ಚಿನ್ನದ ಗಣಿಗಳ ಊರಿಗೂ ಅದು ಅಷ್ಟಾಗಿ ಹೊಂದುವುದಿಲ್ಲ. ಇವೆರಡೂ ಈಚಿನ ಊರುಗಳು. ಒಂದನ್ನು ರೈಲು ಬೆಳೆಸಿತು, ಇನ್ನೊಂದನ್ನು ಗಣಿ ಹುಟ್ಟಿಸಿತು. ಇಲ್ಲಿನ ಚರಿತ್ರೆ ಕಲ್ಲಿನ ಮೇಲಿರುವುದಕ್ಕಿಂತ ಹೆಚ್ಚಾಗಿ ಜನರ ಮೈಮೇಲಿತ್ತು. ಯಾರು ಏನು ಉಟ್ಟರು, ಯಾರು ಏನನ್ನು ಬಿಟ್ಟರು, ಯಾರಿಗೆ ಏನನ್ನು ಉಡಲು ಬಿಡಲಿಲ್ಲ ಎಂಬುದನ್ನು ಒಂದೊಂದಾಗಿ ಕೇಳುತ್ತ ಹೋದರೆ ಸಾಕು, ಯಾವ ಗೆಜೆಟಿಯರಿನಲ್ಲೂ ಸಿಗದ ಸಂಗತಿಗಳು ಹೊರಬೀಳುತ್ತವೆ.

ಮೊದಲು ನೆಲದ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಕಡೆಯ ನದಿ ಪಾಲಾರ್. ಹುಟ್ಟುವುದು ನಮ್ಮ ಮೈಸೂರು ಸೀಮೆಯ ನಂದಿಬೆಟ್ಟದ ಸಾಲಿನಲ್ಲಿ, ಚಿಂತಾಮಣಿಯ ಕಡೆ. ಬೇತಮಂಗಲದ ಮೇಲೆ ಹಾದು, ಆಂಧ್ರದ ಒಂದು ಮೂಲೆಯನ್ನು ಮುಟ್ಟಿ, ತಮಿಳುನಾಡಿನಲ್ಲಿ ವಾಣಿಯಂಬಾಡಿ, ಆಂಬೂರು, ವೆಲ್ಲೂರುಗಳನ್ನು ದಾಟಿ, ಕಾಂಚೀಪುರದ ಸೀಮೆಯಲ್ಲಿ ಹರಿದು ಸಮುದ್ರ ಸೇರುತ್ತದೆ. ಒಟ್ಟು ಉದ್ದ ಸುಮಾರು 348 ಕಿಲೋಮೀಟರು; ನಮ್ಮಲ್ಲಿ ಅದರ ಕಾಲು ಭಾಗದಷ್ಟು. ವರ್ಷದ ಬಹುಪಾಲು ಮರಳೇ ಕಾಣುವ ನದಿ. ಆದರೂ ಚಿನ್ನದ ಗಣಿಗಳಿಗೆ ಕುಡಿಯುವ ನೀರು ಬಂದದ್ದು ಇದೇ ಪಾಲಾರಿನ ಬೇತಮಂಗಲದ ಕೆರೆಯಿಂದ. ನೀರು ಕೆಳಕ್ಕೆ ಹರಿದರೆ ಜನ ಅದರ ಜಾಡನ್ನೇ ಹಿಡಿದು ಮೇಲಕ್ಕೆ ಬಂದರು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಸೇಲಂ ಕಡೆಯಿಂದ ಗಂಟು ಮೂಟೆ ಹೊತ್ತು ಬಂದ ಕೂಲಿಯ ಜನರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳವರು, ಆಗಿನ ಮಾತಿನಲ್ಲಿ ಮುಟ್ಟಿಸಿಕೊಳ್ಳದವರು.

ಅವರನ್ನು ಕರೆದದ್ದು ಚಿನ್ನ. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿ, ಮಾರಿಕುಪ್ಪಂ ಊರಿಗಾಂ ಸುತ್ತಿನಲ್ಲಿ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಅದನ್ನು ಓದಿಕೊಂಡಿದ್ದ ಲಾವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದ ಅನುಮತಿ ಪಡೆದು ಅಗೆಸಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದಮೇಲೆ ನಿಜವಾದ ಗಣಿಗಾರಿಕೆ ನಡೆಯಿತು. ಅಷ್ಟರಲ್ಲಿ, 1864ರಲ್ಲೇ, ಮದ್ರಾಸಿನಿಂದ ಬೆಂಗಳೂರಿಗೆ ರೈಲು ಬಂದಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯೇ ಇವತ್ತಿನ ಬಂಗಾರಪೇಟೆ. 1894ರಲ್ಲಿ ಅಲ್ಲಿಂದ ಗಣಿಗೆ ಒಂದು ಕವಲು ದಾರಿ ಹಾಕಿದರು. ಆಗ ನಮ್ಮೂರು ಜಂಕ್ಷನ್ ಆಯಿತು.

ನಾನು ಹುಟ್ಟಿ ಬೆಳೆದದ್ದು ಈ ಜಂಕ್ಷನ್ನಿನಲ್ಲಿ. ತಂದೆಯವರು ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಶಾಲೆಗೆ ಹೋಗುವ ದಾರಿ ಸ್ಟೇಷನ್ನಿನ ಪಕ್ಕವೇ ಆದ್ದರಿಂದ ಪ್ಲಾಟ್‌ಫಾರಂ ನನಗೆ ಎರಡನೆಯ ಪಾಠಶಾಲೆಯಾಗಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಒಬ್ಬರು ಬಾಯಿ ತೆರೆಯುವ ಮೊದಲೇ ಅವರು ಯಾವ ಭಾಷೆಯವರು, ಎಲ್ಲಿಗೆ ಹೋಗುವವರು ಎಂದು ನಾವು ಹುಡುಗಿಯರು ಬಟ್ಟೆ ನೋಡಿಯೇ ಹೇಳಿಬಿಡುತ್ತಿದ್ದೆವು. ಅದೊಂದು ಆಟ ನಮಗೆ.

ಸುತ್ತಲ ಹಳ್ಳಿಗಳಿಂದ ಬರುವ ರೈತರು, ತೆಲುಗಿನವರಿರಲಿ ಕನ್ನಡದವರಿರಲಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ತಲೆಗೆ ಮಾಸಿದ ರುಮಾಲು. ಮಳೆಗಾಲವಾದರೆ ಕುರುಬರು ನೇಯ್ದ ಕರೀ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಳ್ಳುವರು. ಛತ್ರಿ, ಹಾಸಿಗೆ, ಚೀಲ ಎಲ್ಲವೂ ಅದೊಂದೇ. ಅವರ ಹೆಂಗಸರು ಗಟ್ಟಿ ನೂಲಿನ ಸೀರೆಯನ್ನು ಗದ್ದೆಯ ಕೆಲಸಕ್ಕೆ ಅಡ್ಡಿಯಾಗದಂತೆ ಎತ್ತಿ ಸಿಕ್ಕಿಸಿಕೊಂಡಿರುವರು. ನಮ್ಮ ಮನೆಯಲ್ಲಿ ಅಜ್ಜಿಯದು ಹದಿನೆಂಟು ಮೊಳದ ಸೀರೆ, ಕಚ್ಚೆ ಹಾಕಿ ಉಡುವುದು. ಒಗೆದು ಒಣಹಾಕಲು ಗಳುವಿನ ಈ ತುದಿಯಿಂದ ಆ ತುದಿಯವರೆಗೆ ಜಾಗ ಬೇಕು. ಅದನ್ನು ಮಡಿಕೋಲಿನಿಂದ ಎತ್ತಿ ಹರವುವ ಕೆಲಸ ಮಕ್ಕಳಿಗೆ ಮೈಲಿಗೆಯೆಂದು ಬರುತ್ತಲೇ ಇರಲಿಲ್ಲ. ಅದೊಂದು ಸುಖ.

ಗಣಿಯ ಕಡೆಗೆ ಹೋಗುವ ರೈಲಿನಲ್ಲಿ ಬೇರೆಯದೇ ಲೋಕ. ಲೈನು ಮನೆಗಳ ವಯಸ್ಸಾದ ತಮಿಳು ಹೆಂಗಸರು ನೆರಿಗೆ ಹಿಂದಕ್ಕೆ ಬರುವಂತೆ ಸೀರೆ ಉಡುತ್ತಿದ್ದರು. ಪಿನ್‌ಕೊಸುವಂ ಎಂದು ಅದರ ಹೆಸರು. ಬಗ್ಗಿ ಏಳುವ, ಬುಟ್ಟಿ ಹೊರುವ ಮೈಗೆ ಅನುಕೂಲವಾದ ಉಡುಗೆ. ಗಂಡಸರದು ಗುಡಿಯಾತ್ತಂ ಮಗ್ಗದ ಚೌಕುಳಿ ಲುಂಗಿ, ಹೆಗಲ ಮೇಲೆ ತುಂಡು. ರಾಬರ್ಟ್‌ಸನ್‌ಪೇಟೆಗೆ ವ್ಯಾಪಾರಕ್ಕೆ ಹೊರಟ ಮುಸ್ಲಿಮ್ ಕುಟುಂಬಗಳಲ್ಲಿ ಹಿರಿಯರು ಷೇರ್ವಾನಿ ತೊಟ್ಟಿರುವರು, ಹೆಂಗಸರು ಕರಿಯ ಬುರ್ಖಾ. ಬಡ್ಡಿ ಅಂಗಡಿಯ ಮಾರ್ವಾಡಿ ಸೇಠುಗಳ ಮನೆಯ ಸೊಸೆಯರು ಓಢಣಿಯನ್ನು ಮೂಗಿನವರೆಗೆ ಎಳೆದುಕೊಂಡು ಕಾಲ ಬುಡವನ್ನಷ್ಟೇ ನೋಡುತ್ತ ನಡೆಯುವರು. ಆಂಗ್ಲೋ ಇಂಡಿಯನ್ ಹೆಂಗಸರು ಮೊಣಕಾಲಿನ ಕೆಳಗಿಳಿದ ಹೂವಿನ ಫ್ರಾಕು, ಎತ್ತರದ ಹಿಮ್ಮಡಿಯ ಚಪ್ಪಲಿ, ಕೈಯಲ್ಲೊಂದು ಪುಟ್ಟ ಚೀಲ. ಅವರಲ್ಲಿ ನರ್ಸುಗಳು, ಟೀಚರುಗಳು ಹೆಚ್ಚು. ಕೆಲಸಕ್ಕೆ ಹೋಗುವ ಹೆಂಗಸರನ್ನು ನಾನು ಮೊದಲು ಕಂಡದ್ದು ಆ ಫ್ರಾಕುಗಳಲ್ಲೇ. ಆಗೀಗ ತಾಂಡಾಗಳಿಂದ ಲಂಬಾಣಿ ಹೆಂಗಸರು ಇಳಿದರಂತೂ ಇಡೀ ಪ್ಲಾಟ್‌ಫಾರಂ ತಿರುಗಿ ನೋಡುವುದು. ಕನ್ನಡಿ ಚೂರು, ಕವಡೆ, ಬಣ್ಣದ ದಾರಗಳಿಂದ ತುಂಬಿದ ಫೇಟಿಯಾ ಲಂಗ, ಬೆನ್ನು ಬಿಟ್ಟ ಕಾಂಚಳಿ, ತಲೆಯ ಮೇಲಿನ ಭಾರವಾದ ಮುಸುಕು, ಮೊಣಕೈ ದಾಟಿದ ಬಿಳಿಯ ಬಳೆಗಳು.

ಇಷ್ಟು ಜನ, ಇಷ್ಟು ಉಡುಗೆ! ಯಾರಿಗಾದರೂ ಸಂತೋಷವಾಗುವ ನೋಟ ಅದು. ದೂರದಿಂದ ನೋಡುವವರಿಗೆ ಅದು ಬಣ್ಣದ ಜಾತ್ರೆ. ಬ್ರಿಟಿಷ್ ಅಧಿಕಾರಿಗಳೂ ಹೀಗೆಯೇ ನೋಡಿದರು. ಎಡ್ಗರ್ ಥರ್ಸ್ಟನ್ ಎಂಬಾತ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟಗಳನ್ನು ಹೊರತಂದ. ನಮ್ಮ ಮೈಸೂರಿನಲ್ಲೂ ಎಚ್.ವಿ. ನಂಜುಂಡಯ್ಯನವರು ಶುರು ಮಾಡಿದ ಅಂಥದೇ ದೊಡ್ಡ ಕೆಲಸವನ್ನು ಅನಂತಕೃಷ್ಣ ಅಯ್ಯರ್ ಅವರು ಮುಗಿಸಿಕೊಟ್ಟರು. ಇಂಥ ಪುಸ್ತಕಗಳಲ್ಲಿ ಒಂದೊಂದು ಜಾತಿಗೂ ಇಂಥದೇ ಉಡುಗೆ, ಇಂಥದೇ ಒಡವೆ ಎಂದು ಬರೆದಿರುತ್ತದೆ, ಗಿಡದ ಎಲೆಗಳನ್ನು ವಿಂಗಡಿಸಿಟ್ಟ ಹಾಗೆ. ಉಪಯುಕ್ತ ಗ್ರಂಥಗಳೇ, ಇಲ್ಲವೆನ್ನುವುದಿಲ್ಲ. ಆದರೆ ಅಂಥ ವಿವರಣೆ ಒಂದು ಪ್ರಶ್ನೆಯನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಆ ಉಡುಗೆಯನ್ನು ಉಟ್ಟವರು ಇಷ್ಟಪಟ್ಟು ಉಟ್ಟರೋ, ಅಥವಾ ಬೇರೆಯವರು ಉಡಿಸಿದ್ದರಿಂದ ಉಟ್ಟರೋ?

ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಚಾಂಪಿಯನ್ ರೀಫ್ಸಿನ ಒಂದು ಲೈನು ಮನೆಯ ಮುದುಕಿ. ನಾನು ಬಿ.ಎಡ್. ಮುಗಿಸಿ ಗಣಿಯ ಊರಿನ ಶಾಲೆಯೊಂದಕ್ಕೆ ಸೇರಿದ ಹೊಸದು. ತೊಂಬತ್ತರ ದಶಕ. ರಾಜ್ಯೋತ್ಸವಕ್ಕೆ ಮಕ್ಕಳು ಬೇರೆ ಬೇರೆ ಜನಾಂಗಗಳ ಸಾಂಪ್ರದಾಯಿಕ ಉಡುಗೆ ತೊಟ್ಟು ವೇದಿಕೆಯ ಮೇಲೆ ಬರಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಗೊತ್ತುಮಾಡಿದ್ದರು. ಕೊಡಗಿನ ಸೀರೆಗೆ, ಲಂಬಾಣಿ ಲಂಗಕ್ಕೆ, ಪಂಜಾಬಿ ಕಮೀಜಿಗೆ ಮಕ್ಕಳು ಕೈಯೆತ್ತಿದರು. ಏಳನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, “ಮಿಸ್, ನಮ್ಮ ಜನರ ಡ್ರೆಸ್ ಯಾವುದು?” ಎಂದು ಕೇಳಿದಳು. ಅವಳ ತಾತ, ತಂದೆ ಇಬ್ಬರೂ ಗಣಿಯೊಳಗೆ ಇಳಿದವರು. ಮನೆಯಲ್ಲಿ ಅಜ್ಜಿ ಇದ್ದಾರೆ, ಅವರನ್ನೇ ಕೇಳೋಣ ಎಂದು ಸಂಜೆ ಅವಳ ಜೊತೆ ಹೋದೆ.

ತಟ್ಟಿ ಕಟ್ಟಿದ ಮುಂಭಾಗ, ಹಿಂದೆ ಒಂದೇ ಕೋಣೆ, ಹೊರಗೆ ಸಾಲು ಮನೆಗಳಿಗೆಲ್ಲ ಒಂದು ನಲ್ಲಿ. ಪಾಟಿಗೆ ಆಗಲೇ ಎಂಬತ್ತರ ಹತ್ತಿರ. ವಿಷಯ ಕೇಳಿ ಮೊದಲು ನಕ್ಕರು. ಆಮೇಲೆ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. “ನಮ್ಮ ಡ್ರೆಸ್ಸಾ ಟೀಚರಮ್ಮ? ನಾನು ಈ ಲೈನಿಗೆ ಬಂದಾಗ ನನಗೆ ಹನ್ನೆರಡು ವರ್ಷ. ಮೈಮೇಲೆ ಒಂದೇ ಬಟ್ಟೆ, ಅದೂ ಮೊಣಕಾಲಿನ ತನಕ. ನಮ್ಮೂರಲ್ಲಿ ಅದಕ್ಕಿಂತ ಕೆಳಗೆ ಇಳಿಸಿ ಉಡುವ ಹಾಗಿಲ್ಲ. ರವಿಕೆ ತೊಡುವ ಹಾಗೇ ಇಲ್ಲ. ಅದನ್ನ ಈ ಮಗೂಗೆ ಉಡಿಸಿ ಮೇಲೆ ನಿಲ್ಲಿಸ್ತೀರಾ?”

ಪಾಟಿಯ ಊರು ಗುಡಿಯಾತ್ತಂ ಕಡೆಯ ಹಳ್ಳಿ. ಗಂಡನ ಸಂಬಳದ ದಿನ ಆಂಡರ್ಸನ್‌ಪೇಟೆಗೆ ಹೋಗಿ ಮೊದಲ ರವಿಕೆ ಹೊಲಿಸಿಕೊಂಡರಂತೆ. ಹಸಿರು ಬಣ್ಣದ್ದು. ಲೈನಿನಲ್ಲಿ ಯಾರೂ ಕೇಳುವವರಿಲ್ಲ, ತೊಟ್ಟು ಓಡಾಡಿದರು. ಆದರೆ ವರ್ಷಕ್ಕೊಮ್ಮೆ ಹಬ್ಬಕ್ಕೆ ಊರಿಗೆ ಹೋಗುವಾಗ ರವಿಕೆ ತೊಟ್ಟೇ ರೈಲು ಹತ್ತುವುದು, ಬೌರಿಂಗ್‌ಪೇಟೆಯಲ್ಲಿ ರೈಲು ಬದಲಿಸುವುದು, ಗುಡಿಯಾತ್ತಂ ಸ್ಟೇಷನ್ನಿನಲ್ಲಿ ಇಳಿದು ಊರಿನ ಹಾದಿಯ ಹುಣಿಸೆ ಮರದ ಮರೆಯಲ್ಲಿ ಅದನ್ನು ಬಿಚ್ಚಿ ಗಂಟಿನೊಳಗೆ ಇಟ್ಟುಕೊಳ್ಳುವುದು. ವಾಪಸು ಬರುವಾಗ ಅದೇ ಮರದ ಹತ್ತಿರ ಮತ್ತೆ ತೊಟ್ಟುಕೊಳ್ಳುವುದು. ಹೀಗೆ ನಾಲ್ಕೈದು ವರ್ಷ. “ಒಂದು ಸಲ ನನಗೇ ಬೇಜಾರಾಯಿತು. ಬಿಚ್ಚಲಿಲ್ಲ. ಹಾಗೇ ಊರೊಳಕ್ಕೆ ನಡೆದೆ. ಏನೇನೋ ಅಂದರು. ಮಾರನೆಯ ದಿನವೇ ನಮ್ಮೆಜಮಾನರು ರೈಲು ಹತ್ತಿಸಿಬಿಟ್ಟರು. ಆಮೇಲೆ ನಾನು ಆ ಊರಿಗೆ ಹೋಗಿದ್ದು ಕಡಿಮೆ.” ಇಷ್ಟು ಹೇಳಿ, ಗೂಟಕ್ಕೆ ತೂಗುಹಾಕಿದ್ದ ಮೊಮ್ಮಗಳ ನೀಲಿ ಬಿಳಿ ಯೂನಿಫಾರಂ ತೋರಿಸಿ, “ಇವಳ ಡ್ರೆಸ್ ಇದೇ. ಇಸ್ತ್ರಿ ಮಾಡಿಕೊಡ್ತೀನಿ, ಇದನ್ನೇ ಹಾಕಿಕೊಂಡು ಬರಲಿ” ಎಂದರು.

ಹುಡುಗಿ ಹಾಗೆಯೇ ಬಂದಳು. ಕೊಡವರ ಸೀರೆಗೂ ಲಂಬಾಣಿ ಲಂಗಕ್ಕೂ ನಡುವೆ, ಎರಡು ಜಡೆಗೆ ಬಿಳಿ ರಿಬ್ಬನ್ ಕಟ್ಟಿಕೊಂಡು, ಗರಿಗರಿ ಯೂನಿಫಾರಮಿನಲ್ಲಿ ನೆಟ್ಟಗೆ ನಿಂತಳು. ಬಹುಮಾನ ಅವಳಿಗೆ ಬರಲಿಲ್ಲ. ನೋಡಲು ಬಂದಿದ್ದ ಲೈನಿನ ಹೆಂಗಸರು ಮಾತ್ರ ಅವಳಿಗೇ ಹೆಚ್ಚು ಚಪ್ಪಾಳೆ ತಟ್ಟಿದರು.

ನಾವು ಪಟ್ಟಣದ ಹೆಂಗಸರು ರವಿಕೆಯ ಬಗ್ಗೆ ಯೋಚಿಸುವುದು ಕೊರಳಿನ ಅಳತೆ, ತೋಳಿನ ಉದ್ದ, ಟೈಲರು ಹೇಳಿದ ದಿನಕ್ಕೆ ಕೊಡಲಿಲ್ಲ ಎಂಬಷ್ಟೇ. ಅದು ಯಾವಾಗಲೂ ಇತ್ತು ಎಂದೇ ನಮ್ಮ ಭಾವನೆ. ಆದರೆ ಇವತ್ತು ನಾವೆಲ್ಲ ಉಡುವ ರೀತಿ, ಅಂದರೆ ಒಳಲಂಗ, ರವಿಕೆ, ಮುಂದೆ ನೆರಿಗೆ, ಎಡಹೆಗಲ ಮೇಲೆ ಸೆರಗು, ಇದು ಬಹಳ ಹಳೆಯದೇನೂ ಅಲ್ಲ. 1860ರ ದಶಕದಲ್ಲಿ ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನಿ ದೇವಿಯವರು ಗಂಡನ ಕೆಲಸದ ಮೇಲೆ ಮುಂಬಯಿಗೆ ಹೋದಾಗ ಪಾರ್ಸಿ ಹೆಂಗಸರು ಸೀರೆ ಉಡುವುದನ್ನು ನೋಡಿ, ಮನೆಯಿಂದ ಹೊರಗೆ ಬರಲು ಅನುಕೂಲವಾಗುವಂತೆ ಒಂದು ಕ್ರಮವನ್ನು ರೂಢಿಸಿ ಬಂಗಾಳದಲ್ಲಿ ಹಬ್ಬಿಸಿದರು. ಓದಿದ ಹೆಂಗಸರ ಮೂಲಕ ಅಂಥ ಉಡುಗೆ ದೇಶಕ್ಕೆಲ್ಲ ಹರಡಿತು. ನಮ್ಮ ಅಜ್ಜಿಯ ಹದಿನೆಂಟು ಮೊಳ ನಮ್ಮ ಅಮ್ಮನ ಕಾಲಕ್ಕೆ ಹನ್ನೆರಡು ಮೊಳವಾದದ್ದು ಈ ಬದಲಾವಣೆಯ ಭಾಗವೇ. ಯಾರೂ ನಮ್ಮನ್ನು ತಡೆಯಲಿಲ್ಲ. ಅತ್ತೆಯಂದಿರು ಗೊಣಗಿದರು, ಅಷ್ಟೆ.

ಎಲ್ಲರಿಗೂ ಅದು ಅಷ್ಟು ಸುಲಭವಾಗಿ ದಕ್ಕಲಿಲ್ಲ. ಕೇರಳದ ದಕ್ಷಿಣಕ್ಕೆ, ಆಗಿನ ತಿರುವಾಂಕೂರಿನಲ್ಲಿ, ನಾಡಾರ್ ಹೆಂಗಸರು ಎದೆಯ ಮೇಲೆ ಬಟ್ಟೆ ಹಾಕಿಕೊಳ್ಳುವ ಹಕ್ಕಿಗಾಗಿ ಹತ್ತಾರು ವರ್ಷ ಹೋರಾಡಬೇಕಾಯಿತು. ರಸ್ತೆಯಲ್ಲಿ ಅವರ ಬಟ್ಟೆ ಹರಿದರು, ಮನೆ ಸುಟ್ಟರು. ಕೊನೆಗೆ 1859ರಲ್ಲಿ ಮಹಾರಾಜರ ಆಜ್ಞೆ ಹೊರಬಿತ್ತು: ಮೈ ಮುಚ್ಚಿಕೊಳ್ಳಬಹುದು, ಆದರೆ ಮೇಲುಜಾತಿಯ ಹೆಂಗಸರು ಉಡುವ ಹಾಗೆ ಉಡಬಾರದು! 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ಅವರು ಹೆಂಗಸರ ಸಭೆಯಲ್ಲಿ ಮಾತಾಡುತ್ತ, ನಿಮ್ಮ ಜಾತಿಯನ್ನು ಸಾರುವ ಹಳೆಯ ಉಡುಗೆಯನ್ನೂ ಕೈತುಂಬ ತೊಡುವ ಭಾರದ ಒಡವೆಗಳನ್ನೂ ಬಿಡಿ, ಉಳಿದವರು ಉಡುವ ಹಾಗೆ ಸೀರೆಯನ್ನು ಪಾದದವರೆಗೆ ಇಳಿಸಿ ಉಡಿ ಎಂದು ಹೇಳಿದರು. ಆ ಹೆಂಗಸರು ಕೂಡಲೇ ಹಾಗೆ ಉಡಲು ಶುರುಮಾಡಿದರು. ಚೌದಾರ್ ಕೆರೆಯ ನೀರು ಮುಟ್ಟಿದ್ದನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಸೀರೆಯ ಅಂಚು ಮೊಣಕಾಲಿನಿಂದ ಪಾದಕ್ಕೆ ಇಳಿದದ್ದನ್ನು ಹೇಳುವುದಿಲ್ಲ.

ನಮ್ಮ ಗಣಿಯ ಊರಿನಲ್ಲಿ ಈ ಕೆಲಸಕ್ಕೆ ಸಂಬಳ ಬಂದು ಸೇರಿತು. ಕೂಲಿ ಹೆಚ್ಚೇನೂ ಅಲ್ಲ, ಜೀವದ ಭಯ ದಿನವೂ ಇತ್ತು. ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಹಳೆಯ ಕಾಲದಲ್ಲಿ ಗಂಡಸರು ಲಂಗೋಟಿ ಬಿಗಿದು, ಬರಿಗಾಲಲ್ಲಿ, ಮೊದಮೊದಲು ಮೇಣದ ಬತ್ತಿ, ಆಮೇಲೆ ಕಾರ್ಬೈಡ್ ದೀಪ ಹಿಡಿದು ಇಳಿಯುತ್ತಿದ್ದರು. ಮೇಲೆ ಬಂದಾಗ ಚಿನ್ನ ಕದ್ದಿರಬಹುದೆಂದು ಅದಷ್ಟು ಬಟ್ಟೆಯನ್ನೂ ಶೋಧಿಸುತ್ತಿದ್ದರು. ಬೂಟು, ಗಟ್ಟಿ ಟೋಪಿ, ಟೋಪಿಗೆ ಸಿಕ್ಕಿಸುವ ವಿದ್ಯುತ್ ದೀಪ ಬಂದದ್ದು ಕಾಲ ಸರಿದ ಮೇಲೆ. ಇಷ್ಟಾದರೂ ಕೈಗೆ ಬಂದದ್ದು ನಗದು ಹಣ. ಹಳ್ಳಿಯ ಒಡೆಯ ವರ್ಷಕ್ಕೊಂದು ಹಳೆಯ ಬಟ್ಟೆ ಎಸೆಯುವುದಕ್ಕೂ ನಾವೇ ಅಂಗಡಿಗೆ ಹೋಗಿ ಬಣ್ಣ ಆರಿಸುವುದಕ್ಕೂ ಇರುವ ವ್ಯತ್ಯಾಸ ನನ್ನ ಓದುಗ ಸೋದರಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಹಣದ ಜೊತೆಗೆ ವಿಚಾರವೂ ಬಂತು. ಅಯೋತಿ ದಾಸ ಪಂಡಿತರು 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದಮೇಲೆ ಅದರ ಕವಲು ಮಾರಿಕುಪ್ಪಂನಲ್ಲೂ ಚಿಗುರಿತು. ಗಣಿಯ ಕೆಲಸಗಾರರು ಓದುವ ಮನೆ, ಶಾಲೆ, ಸಭೆ ನಡೆಸಿದರು. ಚರ್ಚುಗಳೂ ಶಾಲೆ ತೆರೆದವು. ಭಾನುವಾರ ಚರ್ಚಿಗೆ, ಪೂರ್ಣಿಮೆಗೆ ವಿಹಾರಕ್ಕೆ, ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಗೆ ಹೋಗುವಾಗ ಒಗೆದ, ಮಡಿಸಿಟ್ಟ, ಒಳ್ಳೆಯ ಬಟ್ಟೆ ಉಡುವುದು ಲೈನಿನ ಮನೆಗಳ ಹೆಮ್ಮೆಯಾಯಿತು. ಆ ಬಟ್ಟೆಯಲ್ಲಿ ಜಾತಿ ಹುಡುಕಲು ಹೊರಟವರಿಗೆ ಸಿಗುತ್ತಿರಲಿಲ್ಲ. ಗಣಿಯವರ ಬದುಕಿನ ಮೇಲೆ ಪಾ. ರಂಜಿತ್ ಅವರು 2024ರಲ್ಲಿ ತೆಗೆದ ತಂಗಲಾನ್ ಎಂಬ ತಮಿಳು ಚಿತ್ರದಲ್ಲಿ, ಕೂಲಿಗೆ ಹೋದ ಗಂಡಸು ಊರ ಹೆಂಗಸರಿಗೆ ರವಿಕೆ ತಂದುಕೊಡುವ, ಅವರು ಅದನ್ನು ತೊಟ್ಟು ಕುಣಿಯುವ ಒಂದು ಭಾಗವಿದೆ. ಚಿತ್ರದ ಮಿಕ್ಕ ಕಥೆಯನ್ನು ಮೆಚ್ಚುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಭಾಗ ಬಂದಾಗ ನನಗೆ ಹುಣಿಸೆ ಮರದ ನೆನಪಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಉಡಿಸಿದ ಉಡುಗೆಯ ಸಂಕಟ ಕೇರಿಯಲ್ಲಿ ಮಾತ್ರ ಇತ್ತೆಂದರೆ ಅರ್ಧ ಸತ್ಯ ಹೇಳಿದಂತೆ. ನಮ್ಮ ಮನೆಯಲ್ಲೇ ಅಜ್ಜಿಯ ಅಕ್ಕ ಒಬ್ಬರಿದ್ದರು. ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡವರು. ನಾನು ಕಂಡಾಗ ಎಪ್ಪತ್ತು ದಾಟಿತ್ತು. ಬೋಳುತಲೆ, ಅದರ ಮೇಲೆ ಎಳೆದ ಕೆಂಪು ಸೀರೆ, ರವಿಕೆ ಇಲ್ಲ, ಬಳೆ ಇಲ್ಲ. ನಮ್ಮ ಪೈಕಿಯಲ್ಲಿ ಅದೂ ಸಂಪ್ರದಾಯದ ಉಡುಗೆಯೇ, ಶಾಸ್ತ್ರದ ಹೆಸರಿನಲ್ಲಿ ಗೊತ್ತುಮಾಡಿದ್ದು. ಚಳಿಗಾಲದ ಬೆಳಗಿನಲ್ಲಿ ಅವರು ತೋಳುಗಳನ್ನು ಸೆರಗಿನೊಳಗೆ ಮುದುರಿಕೊಂಡು ಒಲೆಯ ಮುಂದೆ ಕೂರುವುದನ್ನು ನೋಡಿ ನಾನೊಮ್ಮೆ, “ದೊಡ್ಡಜ್ಜಿ, ನನ್ನ ಸ್ವೆಟರ್ ಹಾಕ್ಕೋ” ಎಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಸ್ವೆಟರನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ವಾಪಸು ಕೊಟ್ಟರು. ನಾನು ಗಣಿಯ ಪಾಟಿಯ ಮಾತನ್ನು ಕೇಳುವಾಗ ನನ್ನ ಕಣ್ಣ ಮುಂದೆ ಇದ್ದವರು ಇವರು. ಒಬ್ಬರಿಗೆ ಕೀಳು ಎಂದು, ಇನ್ನೊಬ್ಬರಿಗೆ ಅಮಂಗಳ ಎಂದು. ಇಬ್ಬರಿಗೂ ರವಿಕೆ ಬೇಡ ಎಂದವರು ಬೇರೆಯವರು. ಅವರಲ್ಲಿ ಒಬ್ಬರು ರೈಲು ಹತ್ತಿ ಪಾರಾದರು. ಇನ್ನೊಬ್ಬರು ಸ್ಟೇಷನ್ನಿನ ಪಕ್ಕದಲ್ಲೇ ಇದ್ದರೂ ರೈಲು ಹತ್ತಲಿಲ್ಲ.

ಹಾಗಾದರೆ ಹಳೆಯ ಉಡುಗೆಗಳೆಲ್ಲ ಮರೆಯಾದದ್ದೇ ಒಳ್ಳೆಯದೇ ಎಂದು ನೀವು ಕೇಳಬಹುದು. ಹಾಗೂ ಹೇಳಲಾರೆ. ಲಂಬಾಣಿ ಹೆಂಗಸರು ತಮ್ಮ ಲಂಗದ ಕಸೂತಿಯನ್ನು ಯಾರ ಅಪ್ಪಣೆಯಿಂದಲೂ ಹಾಕಿದವರಲ್ಲ. ಎತ್ತುಗಳ ಮೇಲೆ ಉಪ್ಪು ದವಸ ಹೇರಿಕೊಂಡು ದೇಶವೆಲ್ಲ ಅಲೆದ ಜನ, ಮನೆಯ ಗೋಡೆಗೆ ಹಾಕಬೇಕಾದ ಚಿತ್ತಾರವನ್ನು ಮೈಮೇಲೆ ಹೊತ್ತರು. ತಾಯಿ ಮಗಳಿಗೆ ಕಲಿಸಿದ ಆ ಹೊಲಿಗೆಗಳು ಇಲ್ಲದೆ ಹೋದರೆ ಅದು ನಿಜವಾದ ನಷ್ಟ. ಸಂಡೂರಿನಲ್ಲಿ ಅವರ ಕಸೂತಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅಲ್ಲಿನ ಹೆಂಗಸರು ಅದರಿಂದ ಸಂಪಾದಿಸುತ್ತಿದ್ದಾರೆ. ಆದರೆ ತಾಂಡಾದಿಂದ ಶಾಲೆಗೆ ಬರುವ ಹುಡುಗಿಗೆ ದಿನವೂ ಅದನ್ನೇ ತೊಡು ಎಂದು ಹೇಳುವ ಹಕ್ಕು ನಮಗಿಲ್ಲ. ತೊಡಬೇಡ ಎಂದು ನಗುವ ಹಕ್ಕೂ ಇಲ್ಲ. ಕುರುಬರ ಕಂಬಳಿಯದೂ ಅದೇ ಮಾತು. ಅದನ್ನು ನೇಯುವ ಮಗ್ಗಕ್ಕೆ ಕೆಲಸ ಸಿಗಲಿ ಎಂಬ ಆಸೆ ನನ್ನದು. ಹೊದೆಯಲೇಬೇಕಾದ ಬಡತನ ಯಾರಿಗೂ ಬೇಡ.

ಇನ್ನೊಂದು ಉಡುಗೆಯ ಮಾತು ಹೇಳದಿದ್ದರೆ ನಮ್ಮೂರಿನವರು ಒಪ್ಪುವುದಿಲ್ಲ. ಕೋಲಾರ, ಮಾಲೂರು, ಬಂಗಾರಪೇಟೆಗಳ ಕಡೆ ತಿಗಳರು ನಡೆಸುವ ಕರಗ. ದ್ರೌಪದಿಯ ಹೆಸರಿನಲ್ಲಿ ಕರಗ ಹೊರುವವನು ಗಂಡಸು. ಅನೇಕ ದಿನಗಳ ವ್ರತ ಹಿಡಿದು, ಅರಿಸಿನದ ಬಣ್ಣದ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಕುಂಕುಮವಿಟ್ಟು, ಮಲ್ಲಿಗೆಯ ರಾಶಿಯಲ್ಲಿ ಮುಚ್ಚಿಹೋದ ಕರಗವನ್ನು ತಲೆಯ ಮೇಲೆ ಹೊತ್ತು ಬರುತ್ತಾನೆ. ಸುತ್ತಲೂ ಪೇಟ ಸುತ್ತಿ ಕತ್ತಿ ಹಿಡಿದ ವೀರಕುಮಾರರು. ಉಳಿದ ದಿನಗಳಲ್ಲಿ ಹೂವು ತರಕಾರಿಯ ತೋಟದಲ್ಲಿ ದುಡಿಯುವ ಜನ ಅವರು. ಹೆಣ್ಣಿನ ಉಡುಗೆಯನ್ನು ಗಂಡು ಹರಕೆಯಿಂದ ಬೇಡಿ ಪಡೆದು ಉಡುವ ಆ ರಾತ್ರಿ, ಬೀದಿಯ ಇಕ್ಕೆಲದಲ್ಲೂ ನಿಂತ ಹೆಂಗಸರ ಮುಖಗಳನ್ನು ನೀವು ನೋಡಬೇಕು. ಮನಸ್ಸಿಟ್ಟು ಉಟ್ಟ ಉಡುಗೆಗೆ ಎಂಥ ಗೌರವ ಇರುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಗಣಿಯ ಕಥೆ ಮುಗಿದದ್ದು ನಿಮಗೆ ಗೊತ್ತಿದೆ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಮೇಲೆ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಬಹಳ ಮಂದಿ ಅದಕ್ಕೂ ಮೊದಲೇ ಆಸ್ಟ್ರೇಲಿಯಾಕ್ಕೋ ಇಂಗ್ಲೆಂಡಿಗೋ ಹೊರಟುಹೋಗಿದ್ದರು. ಅವರ ಹೂವಿನ ಫ್ರಾಕುಗಳು ಈಗ ಹಳೆಯ ಫೋಟೋಗಳಲ್ಲಷ್ಟೆ. 2018ರಲ್ಲಿ ನಮ್ಮೂರಿನ ಹೆಸರಿಟ್ಟುಕೊಂಡ ಚಿತ್ರ ದೇಶವೆಲ್ಲ ಓಡಿತು. ಅದರಲ್ಲಿ ಗಣಿಯ ಜನರೆಲ್ಲ ಒಂದೇ ಮಸಿ ಬಣ್ಣದ ಚಿಂದಿಯಲ್ಲಿ ಇದ್ದಾರೆ. ಸಿನಿಮಾದವರ ಕಲ್ಪನೆ ಅವರಿಗೆ. ಚಿಂದಿಯ ಕಾಲದಲ್ಲೂ ಹಸಿರು ಬಣ್ಣವನ್ನು ಆರಿಸಿ ರವಿಕೆ ಹೊಲಿಸಿಕೊಂಡವರು ಇಲ್ಲಿದ್ದರು ಎಂಬುದು ನಮಗೆ ನೆನಪಿದ್ದರೆ ಸಾಕು.

ಗಣಿ ಮುಚ್ಚಿದ ಮೇಲೆ ಸಂಸಾರದ ಭಾರ ಹೊತ್ತವರು ಬಹುಪಾಲು ಹೆಣ್ಣುಮಕ್ಕಳು. ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲುಗಳನ್ನು ಹತ್ತಿ ನೋಡಿ. ಕಾಲಿಡಲು ಜಾಗವಿಲ್ಲ. ಚೂಡಿದಾರ, ಕೊರಳಲ್ಲಿ ಗುರುತಿನ ಚೀಟಿ, ಮಡಿಲಲ್ಲಿ ಡಬ್ಬಿ, ಸೀಟು ಸಿಕ್ಕವರ ಕೈಯಲ್ಲಿ ಹೂವಿನ ಮಾಲೆ. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಮಾತೂ ಕೇಳುತ್ತದೆ. ಬಟ್ಟೆ ನೋಡಿ ಇವರು ಇಂಥವರೇ ಎಂದು ಹೇಳುವ ನಮ್ಮ ಹಳೆಯ ಆಟ ಈಗ ನಡೆಯುವುದಿಲ್ಲ. ಇವರಲ್ಲಿ ಅನೇಕರು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರು, ದೂರ ದೇಶದವರು ತೊಡುವ ಅಂಗಿಗಳಿಗೆ ಕಾಲರು ಕೂಡಿಸುವವರು. ಸಂಬಳ ಸಾಲದು, ನಿಂತು ಕಾಲು ಊದುತ್ತದೆ, ಮೇಲ್ವಿಚಾರಕರ ಬೈಗುಳ ಬೇರೆ ಎಂದು ನನ್ನ ಹಳೆಯ ವಿದ್ಯಾರ್ಥಿನಿಯರೇ ಹೇಳುತ್ತಾರೆ. ಆದರೂ ತಿಂಗಳ ಮೊದಲ ವಾರ ಅಂಗಡಿಗೆ ಹೋಗಿ ತಮಗೆ ಬೇಕಾದ ಬಣ್ಣವನ್ನು ತಾವೇ ಆರಿಸುತ್ತಾರೆ. ಆ ಹಕ್ಕು ಎಲ್ಲಿಂದ ಬಂತೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಗೊತ್ತಿರಬೇಕೆಂದು ನನ್ನ ಆಸೆ. ನವೆಂಬರು ಬಂದೊಡನೆ ನಮ್ಮ ಶಾಲೆಗಳಲ್ಲಿ ನಾನಾ ಜನಾಂಗಗಳ ಉಡುಗೆ ತೊಡಿಸುವ ಸಂಭ್ರಮ ಶುರುವಾಗುತ್ತದೆ. ನಡೆಯಲಿ, ಮಕ್ಕಳಿಗೆ ಸಂತೋಷ. ಆದರೆ ತಾಯಂದಿರು ಬಾಡಿಗೆಯ ಉಡುಗೆ ತರುವ ಮೊದಲು ಮನೆಯಲ್ಲಿರುವ ಹಿರಿಯರ ಪಕ್ಕದಲ್ಲಿ ಮಗುವನ್ನು ಕೂರಿಸಿ ಮೂರು ಪ್ರಶ್ನೆ ಕೇಳಿಸಲಿ. ನೀವು ಚಿಕ್ಕವರಿದ್ದಾಗ ಏನು ಉಡುತ್ತಿದ್ದಿರಿ? ಏನನ್ನು ಉಡಬೇಕೆಂದು ಆಸೆ ಇತ್ತು? ಬೇಡ ಎಂದವರು ಯಾರು? ಮೂರನೆಯದಕ್ಕೆ ಉತ್ತರ ತಡವಾಗಿ ಬರಬಹುದು. ಕಾಯಿರಿ. ನಮ್ಮ ಊರುಗಳ ಚರಿತ್ರೆಯಲ್ಲಿ ಇನ್ನೂ ಬರೆಯದೆ ಉಳಿದ ಪುಟಗಳು ಆ ಉತ್ತರದಲ್ಲಿವೆ. ಅವನ್ನು ಬಲ್ಲವರು ದಿನಕ್ಕೊಬ್ಬರಂತೆ ನಮ್ಮನ್ನು ಬಿಟ್ಟುಹೋಗುತ್ತಿದ್ದಾರೆ.